ಧರ್ಮಸಭೆಯ ಭಂಡಾರದ ಲೆಕ್ಕ
ಸಂತ ಲಾರೆನ್ಸರ ಹಬ್ಬದ ಚಿಂತನೆ – ಆಗಸ್ಟ್ 10



ಬಲಿಪೂಜೆಯಲ್ಲಿ ಮೊದಲನೆಯ ಪರಮಪ್ರಸಾದ ಪ್ರಾರ್ಥನೆಯನ್ನು ಗುರುಗಳು ಪೂರ್ಣವಾಗಿ ಓದಿದಾಗ ಪ್ರೇಷಿತರ ಹೆಸರುಗಳ ನಂತರ ಕೆಲವು ಸಂತರ ಹೆಸರುಗಳು ನಮ್ಮ ಕಿವಿಗೆ ಬೀಳುತ್ತವೆ. ಅವುಗಳಲ್ಲಿ ನಾಲ್ಕು ಹೆಸರುಗಳು ಒಂದರ ಹಿಂದೆ ಒಂದು ಬರುತ್ತವೆ: ಸಿಕ್ಸ್ತುಸ್, ಕೊರ್ನೇಲಿಯುಸ್, ಸಿಪ್ರಿಯನ್, ಲಾರೆನ್ಸ್. ಈ ನಾಲ್ವರೂ ಸುಮಾರು ಆರು ವರ್ಷಗಳ ಅವಧಿಯಲ್ಲಿ, ಅಂದರೆ 253 ಮತ್ತು 258ರ ನಡುವೆ, ಕ್ರಿಸ್ತರಿಗಾಗಿ ಪ್ರಾಣ ಕೊಟ್ಟವರು. ಅವರ ಮರಣದ ಬಗ್ಗೆ ನಾವು ಅನೇಕ ಬಾರಿ ಕೇಳಿದ್ದೇವೆ. ಆದರೆ ಸಾಯುವ ಮೊದಲು ಅವರು ಧರ್ಮಸಭೆಯ ಹಣವನ್ನು, ಅಕ್ಕಿಬೇಳೆಯಂತಹ ದಿನದ ದವಸವನ್ನು, ಬಡವರ ಪಟ್ಟಿಯನ್ನು ಹೇಗೆ ನೋಡಿಕೊಂಡರು ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಸಂತ ಲಾರೆನ್ಸರ ಹಬ್ಬದ ಈ ಸಂದರ್ಭದಲ್ಲಿ ಇತಿಹಾಸದ ಆ ಪುಟಗಳನ್ನು ತೆರೆದು ನೋಡೋಣ.

ದೂರಿನಿಂದ ಹುಟ್ಟಿದ ಸೇವೆ

ಧರ್ಮಸಭೆಯಲ್ಲಿ ಹಣ ಮತ್ತು ಆಹಾರದ ವಿಚಾರದಲ್ಲಿ ಮೊದಲ ಜಗಳ ನಡೆದದ್ದು ಪ್ರೇಷಿತರ ಕಾಲದಲ್ಲಿಯೇ. ಜೆರುಸಲೇಮಿನಲ್ಲಿ ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ಗೊಣಗಾಟ ಎದ್ದಿತು. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯ ಇದನ್ನು ಮುಚ್ಚಿಡದೆ ನಮಗೆ ತಿಳಿಸುತ್ತದೆ. ಪ್ರೇಷಿತರು ದೂರು ಕೊಟ್ಟವರನ್ನು ಗದರಿಸಲಿಲ್ಲ. ಒಳ್ಳೆಯ ಹೆಸರು ಪಡೆದ ಏಳು ಮಂದಿಯನ್ನು ಆರಿಸಿಕೊಳ್ಳುವಂತೆ ಸಭೆಗೇ ಹೇಳಿದರು. ಆರಿಸಲಾದ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ ಎಂಬುದು ಗಮನಾರ್ಹ. ಅಂದರೆ ಯಾರು ನೊಂದಿದ್ದರೋ ಅವರ ಕಡೆಯವರ ಕೈಗೇ ಹಂಚಿಕೆಯ ಹೊಣೆ ಹೋಯಿತು.

ಸಂತ ಪೌಲರೂ ಇದೇ ಎಚ್ಚರಿಕೆಯಿಂದ ನಡೆದುಕೊಂಡರು. ಜೆರುಸಲೇಮಿನ ಬಡವರಿಗಾಗಿ ಹಲವು ಊರುಗಳ ಸಭೆಗಳಲ್ಲಿ ಕಾಣಿಕೆ ಸಂಗ್ರಹಿಸಿದಾಗ, ಆ ದೊಡ್ಡ ಮೊತ್ತವನ್ನು ಅವರು ಒಬ್ಬರೇ ಹೊತ್ತು ಹೋಗಲಿಲ್ಲ. ಸಭೆಗಳೇ ಆರಿಸಿದ ಜನರನ್ನು ಜೊತೆಗೆ ಕರೆದುಕೊಂಡರು. ಯಾರೂ ಬೆರಳು ತೋರಿಸಬಾರದು, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ನಡತೆ ಸರಿಯಾಗಿರಬೇಕು ಎಂಬುದು ಅವರ ವಿವರಣೆ (2 ಕೊರಿಂಥ 8:20-21). ಯೇಸುಸ್ವಾಮಿಯ ಶಿಷ್ಯರ ಹಣದ ಚೀಲ ಒಂದು ಕಾಲದಲ್ಲಿ ಯೂದನ ಕೈಯಲ್ಲಿತ್ತು, ಅವನು ಅದರಿಂದ ಕದಿಯುತ್ತಿದ್ದ ಎಂದು ಸಂತ ಯೊವಾನ್ನರು ಬರೆದಿದ್ದಾರೆ. ಆದ್ದರಿಂದ ಪವಿತ್ರವಾದ ಹಣ ಎಂದ ಮಾತ್ರಕ್ಕೆ ಅದು ತಾನಾಗಿಯೇ ಸುರಕ್ಷಿತವಾಗಿರುವುದಿಲ್ಲ ಎಂಬುದು ಧರ್ಮಸಭೆಗೆ ಮೊದಲಿನಿಂದಲೂ ಗೊತ್ತಿತ್ತು.

ಎರಡನೆಯ ಶತಮಾನದ ಮಧ್ಯದಲ್ಲಿ ರೋಮಿನಲ್ಲಿ ವಾಸವಾಗಿದ್ದ ಸಂತ ಜಸ್ಟಿನರು ಭಾನುವಾರದ ಬಲಿಪೂಜೆಯನ್ನು ವರ್ಣಿಸುತ್ತಾ ಕಾಣಿಕೆಯ ವಿಷಯವನ್ನೂ ಹೇಳಿದ್ದಾರೆ. ಉಳ್ಳವರು ಮನಸ್ಸು ಬಂದಷ್ಟು ಕೊಡುತ್ತಿದ್ದರು. ಸಂಗ್ರಹವಾದದ್ದನ್ನು ಸಭೆಯ ಮುಖ್ಯಸ್ಥರ ಬಳಿ ಇಡಲಾಗುತ್ತಿತ್ತು. ಅವರು ಅದರಿಂದ ಅನಾಥರನ್ನು, ವಿಧವೆಯರನ್ನು, ರೋಗಿಗಳನ್ನು, ಸೆರೆಯಲ್ಲಿದ್ದವರನ್ನು, ಪರಸ್ಥಳದಿಂದ ಬಂದವರನ್ನು ನೋಡಿಕೊಳ್ಳುತ್ತಿದ್ದರು. ಸುಮಾರು 197ರಲ್ಲಿ ಆಫ್ರಿಕದ ತೆರ್ತುಲಿಯನ್ ತಿಂಗಳ ಕಾಣಿಕೆಯ ಪೆಟ್ಟಿಗೆಯ ಬಗ್ಗೆ ಬರೆದರು. ಆ ಹಣ ಔತಣಕ್ಕೆ ಹೋಗುತ್ತಿರಲಿಲ್ಲ. ಬಡವರ ಊಟಕ್ಕೆ, ಅವರ ಶವಸಂಸ್ಕಾರಕ್ಕೆ, ಮುದುಕರಾದ ಸೇವಕರಿಗೆ, ಹಡಗು ಒಡೆದು ಎಲ್ಲವನ್ನೂ ಕಳೆದುಕೊಂಡವರಿಗೆ, ವಿಶ್ವಾಸಕ್ಕಾಗಿ ಗಣಿಗಳಿಗೆ ತಳ್ಳಲ್ಪಟ್ಟವರಿಗೆ ಹೋಗುತ್ತಿತ್ತು. ನಾವು ಇಂದು ಭಾನುವಾರ ತಟ್ಟೆಗೆ ಹಾಕುವ ಕಾಣಿಕೆಯ ಹಿಂದೆ ಇಷ್ಟು ಹಳೆಯ ಪರಂಪರೆಯಿದೆ.

ಕೊರ್ನೇಲಿಯುಸರ ಎಣಿಕೆ, ಸಿಪ್ರಿಯನರ ಪಟ್ಟಿ

251ರಲ್ಲಿ ಕೊರ್ನೇಲಿಯುಸರು ರೋಮಿನ ಧರ್ಮಾಧ್ಯಕ್ಷರಾದರು. ಹಿಂಸೆಯ ಕಾಲದಲ್ಲಿ ವಿಶ್ವಾಸದಿಂದ ಜಾರಿದವರನ್ನು ಮರಳಿ ಸೇರಿಸಿಕೊಳ್ಳಬಾರದು ಎಂಬ ಕಠೋರ ಪಂಗಡವೊಂದು ಅವರ ವಿರುದ್ಧ ನಿಂತಿತ್ತು. ಆ ವಿವಾದದ ಬಗ್ಗೆ ಅವರು ಅಂತಿಯೋಕ್ಯದ ಧರ್ಮಾಧ್ಯಕ್ಷರಿಗೆ ಬರೆದ ಪತ್ರದ ಭಾಗಗಳನ್ನು ಇತಿಹಾಸಕಾರ ಯೂಸೇಬಿಯುಸ್ ಉಳಿಸಿಕೊಟ್ಟಿದ್ದಾರೆ. ಅದರಲ್ಲಿ ರೋಮ್ ಧರ್ಮಸಭೆಯ ಒಂದು ಎಣಿಕೆ ಇದೆ: 46 ಗುರುಗಳು, 7 ಡೀಕನರು, 7 ಉಪಡೀಕನರು, 42 ಸಹಾಯಕರು, ಭೂತೋಚ್ಚಾಟಕರು, ವಾಚಕರು ಮತ್ತು ದ್ವಾರಪಾಲಕರು ಸೇರಿ 52 ಮಂದಿ. ಪಟ್ಟಿ ಅಲ್ಲಿಗೇ ನಿಲ್ಲುವುದಿಲ್ಲ. ವಿಧವೆಯರು ಮತ್ತು ಸಂಕಷ್ಟದಲ್ಲಿದ್ದವರು 1500ಕ್ಕೂ ಹೆಚ್ಚು; ಇವರೆಲ್ಲರನ್ನೂ ಪ್ರಭುವಿನ ಕೃಪೆಯೇ ಪೋಷಿಸುತ್ತಿದೆ ಎಂದು ಕೊರ್ನೇಲಿಯುಸರು ತಿಳಿಸುತ್ತಾರೆ.

ಪ್ರಿಯರೇ, ಇಲ್ಲಿ ಒಂದು ಕ್ಷಣ ನಿಂತು ಯೋಚಿಸೋಣ. ತಮ್ಮ ಧರ್ಮಸಭೆಯ ಗಾತ್ರವನ್ನು ಹೇಳುವಾಗ ಅವರು ಗುರುಗಳನ್ನು ಎಣಿಸಿದ ಅದೇ ಪಟ್ಟಿಯಲ್ಲಿ ಬಡವರನ್ನೂ ಎಣಿಸಿದರು. ಸಭೆ ಇನ್ನೂ ರಾಜ್ಯದ ಮನ್ನಣೆ ಪಡೆಯದಿದ್ದ, ಯಾವ ಗಳಿಗೆಯಲ್ಲಿ ಬೇಕಾದರೂ ಹಿಂಸೆ ಬರಬಹುದಾಗಿದ್ದ ದಿನಗಳವು. ಅಂತಹ ದಿನಗಳಲ್ಲಿಯೂ 1500 ಮಂದಿಯ ಹೊಟ್ಟೆ ತುಂಬಬೇಕಾದರೆ ಒಳ್ಳೆಯ ಮನಸ್ಸೊಂದೇ ಸಾಲದು. ಯಾರು ಎಲ್ಲಿದ್ದಾರೆ, ಯಾರಿಗೆ ಏನು ಬೇಕು, ಎಷ್ಟು ಬಂತು, ಎಷ್ಟು ಹೋಯಿತು ಎಂಬ ಲೆಕ್ಕ ಬೇಕು. ಕೊರ್ನೇಲಿಯುಸರಿಗಿಂತ ಮೊದಲಿದ್ದ ಜಗದ್ಗುರು ಫಾಬಿಯನರು ನಗರವನ್ನು ಏಳು ವಿಭಾಗಗಳಾಗಿ ಮಾಡಿ ಏಳು ಡೀಕನರಿಗೆ ಹಂಚಿದ್ದರು. ಡೀಕನ್ ಎಂಬ ಗ್ರೀಕ್ ಮೂಲದ ಪದಕ್ಕೆ ಸೇವಕ ಎಂದೇ ಅರ್ಥ. ಕೊರ್ನೇಲಿಯುಸರು 253ರಲ್ಲಿ ಗಡೀಪಾರಾಗಿದ್ದ ಸ್ಥಳದಲ್ಲಿಯೇ ತೀರಿಕೊಂಡರು.

ಅವರ ಗೆಳೆಯರಾಗಿದ್ದ ಸಿಪ್ರಿಯನರು ಸಮುದ್ರದಾಚೆ ಕಾರ್ಥೇಜಿನ ಧರ್ಮಾಧ್ಯಕ್ಷರು. 253ರ ಸುಮಾರಿಗೆ ನುಮಿದಿಯ ಪ್ರಾಂತ್ಯದಲ್ಲಿ ದಾಳಿಕಾರರು ಅನೇಕ ಕ್ರೈಸ್ತರನ್ನು ಹಿಡಿದೊಯ್ದರು. ಅಲ್ಲಿನ ಧರ್ಮಾಧ್ಯಕ್ಷರು ಸಹಾಯ ಕೇಳಿದಾಗ ಕಾರ್ಥೇಜಿನ ಸಭೆ 1,00,000 ಸೆಸ್ಟರ್ಸ್ ನಾಣ್ಯಗಳನ್ನು ಸಂಗ್ರಹಿಸಿ ಕಳುಹಿಸಿತು. ಸೆರೆಯಾದವರಲ್ಲಿ ನಾವು ಕ್ರಿಸ್ತರನ್ನೇ ಕಾಣಬೇಕು ಎಂದು ಸಿಪ್ರಿಯನರು ತಮ್ಮ ಪತ್ರದಲ್ಲಿ ಬರೆದರು. ಹಣದ ಜೊತೆಗೆ ಕೊಟ್ಟವರ ಹೆಸರುಗಳ ಪಟ್ಟಿಯನ್ನೂ ಇಟ್ಟರು. ಬಿಡುಗಡೆಯಾದವರು ಹೊಗಳಲಿ ಎಂದಲ್ಲ, ಪ್ರಾರ್ಥನೆಯಲ್ಲಿ ಅವರನ್ನು ನೆನೆಯಲಿ ಎಂದು. ಅದೇ ವರ್ಷಗಳಲ್ಲಿ ನಗರಕ್ಕೆ ಸಾಂಕ್ರಾಮಿಕ ರೋಗ ಬಂದಾಗ, ಕ್ರೈಸ್ತರಿಗೆ ಮಾತ್ರವಲ್ಲ, ಹಿಂಸಿಸಿದವರಿಗೂ ನೆರವಾಗಬೇಕೆಂದು ಅವರು ಜನರನ್ನು ಹುರಿದುಂಬಿಸಿದರು ಎಂದು ಅವರ ಜೀವನಚರಿತ್ರೆ ತಿಳಿಸುತ್ತದೆ. 258ರ ಸೆಪ್ಟೆಂಬರ್ 14ರಂದು ಅವರ ಶಿರಚ್ಛೇದವಾಯಿತು. ತಮ್ಮ ತಲೆ ಕಡಿಯುವವನಿಗೆ 25 ಚಿನ್ನದ ನಾಣ್ಯ ಕೊಡಿ ಎಂಬುದು ಅವರು ತಮ್ಮವರಿಗೆ ವಹಿಸಿದ ಕೊನೆಯ ಹಣದ ವ್ಯವಹಾರ.

ಉಗ್ರಾಣ ಬಲ್ಲ ಉಗ್ರಾಣಿ

ಈಗ ಲಾರೆನ್ಸರ ಬಳಿಗೆ ಬರೋಣ. ಸಾಮ್ರಾಟ ವಲೇರಿಯನ್ 253ರಲ್ಲಿ ಪಟ್ಟಕ್ಕೆ ಬಂದಾಗ ರೋಮ್ ಸಾಮ್ರಾಜ್ಯ ಸಂಕಟದಲ್ಲಿತ್ತು. ಪೂರ್ವದಲ್ಲಿ ಪರ್ಷಿಯದವರು, ಉತ್ತರದಲ್ಲಿ ಬೇರೆ ಬೇರೆ ಬುಡಕಟ್ಟುಗಳು ದಾಳಿ ಮಾಡುತ್ತಿದ್ದವು. ಬೆಳ್ಳಿ ನಾಣ್ಯದಲ್ಲಿ ಬೆಳ್ಳಿಯ ಅಂಶ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. 257ರಲ್ಲಿ ಅವನು ಕ್ರೈಸ್ತರ ಸಭೆ ಸೇರುವಿಕೆಯನ್ನು ನಿಷೇಧಿಸಿದ. 258ರಲ್ಲಿ ಇನ್ನೂ ಕಠಿಣ ಆಜ್ಞೆ ಹೊರಬಿತ್ತು: ಧರ್ಮಾಧ್ಯಕ್ಷರು, ಗುರುಗಳು, ಡೀಕನರಿಗೆ ಕೂಡಲೇ ಮರಣದಂಡನೆ, ಉನ್ನತ ಸ್ಥಾನದ ಕ್ರೈಸ್ತರ ಆಸ್ತಿ ಮುಟ್ಟುಗೋಲು. ಈ ಆಜ್ಞೆಯ ವಿವರ ನಮಗೆ ಸಿಕ್ಕಿರುವುದು ಸಿಪ್ರಿಯನರ ಪತ್ರದಿಂದಲೇ. ಆಗಸ್ಟ್ 6ರಂದು ಜಗದ್ಗುರು ಎರಡನೆಯ ಸಿಕ್ಸ್ತುಸರನ್ನು, ಅವರ ಜೊತೆ ನಾಲ್ವರು ಡೀಕನರನ್ನು ಸಮಾಧಿಸ್ಥಳದಲ್ಲಿ ಹಿಡಿದು ಕೊಂದರು. ನಾಲ್ಕು ದಿನಗಳ ನಂತರ, ಆಗಸ್ಟ್ 10ರಂದು, ಲಾರೆನ್ಸರ ಸರದಿ ಬಂತು. 354ರ ರೋಮ್ ಪಂಚಾಂಗದಲ್ಲಿ ಈ ದಿನವೂ, ತಿಬುರ್ತಿನ ರಸ್ತೆಯಲ್ಲಿರುವ ಅವರ ಸಮಾಧಿಯೂ ದಾಖಲಾಗಿವೆ.

ಮುಂದಿನ ಕಥೆ ನಮಗೆಲ್ಲ ಚಿರಪರಿಚಿತ. ಧರ್ಮಸಭೆಯ ಭಂಡಾರವನ್ನು ಒಪ್ಪಿಸು ಎಂದು ಅಧಿಕಾರಿ ಕೇಳಿದ; ಲಾರೆನ್ಸರು ಬಡವರನ್ನು ಕರೆತಂದು ಇವರೇ ನಮ್ಮ ಭಂಡಾರ ಎಂದು ತೋರಿಸಿದರು. ಇದನ್ನು ವಿಸ್ತಾರವಾಗಿ ಬರೆದವರು ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರು, ಘಟನೆಯಾಗಿ ಸುಮಾರು 130 ವರ್ಷಗಳ ನಂತರ. ಇನ್ನೂ ಸ್ವಲ್ಪ ತಡವಾಗಿ ಸ್ಪೇನಿನ ಕವಿ ಪ್ರುದೆನ್ಸಿಯುಸ್ ಅದನ್ನು ಕಾವ್ಯವಾಗಿಸಿದರು. ಅಂಬ್ರೋಸರ ಪ್ರಕಾರ ಬಡವರು ಮರುದಿನವೇ ಬಂದರು. ಪ್ರುದೆನ್ಸಿಯುಸರ ಕಾವ್ಯದಲ್ಲಿ ಲಾರೆನ್ಸರಿಗೆ ಮೂರು ದಿನಗಳ ಗಡುವು ಸಿಗುತ್ತದೆ. ಕಾದ ಕಬ್ಬಿಣದ ಸರಳುಗಳ ಮೇಲಿನ ಮರಣ ಪರಂಪರೆಯಿಂದ ಬಂದದ್ದು. ಆಜ್ಞೆಯ ರೀತಿಯನ್ನು ನೋಡಿದರೆ ಅವರದೂ ಶಿರಚ್ಛೇದವೇ ಆಗಿರಬಹುದು ಎಂದು ಹಲವು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಇದನ್ನು ಕೇಳಿ ನಾವು ಗಲಿಬಿಲಿಗೊಳ್ಳಬೇಕಾಗಿಲ್ಲ. ರೋಮಿನ ಡೀಕನೊಬ್ಬರು ಕ್ರಿಸ್ತರಿಗಾಗಿ ಸತ್ತರು ಎಂಬುದು ಗಟ್ಟಿಯಾದ ಇತಿಹಾಸ. ಆ ಸಭೆ 1500 ಬಡವರನ್ನು ಸಾಕುತ್ತಿತ್ತು ಎಂಬುದೂ ಅಷ್ಟೇ ಗಟ್ಟಿಯಾದ ಇತಿಹಾಸ. ಕೇವಲ ಏಳು ವರ್ಷಗಳ ಹಿಂದೆ ಕೊರ್ನೇಲಿಯುಸರು ಎಣಿಸಿದ್ದ ಆ ಜನರನ್ನೇ ಲಾರೆನ್ಸರ ಕಥೆ ಭಂಡಾರ ಎಂದು ಕರೆಯಿತು.

ಪ್ರುದೆನ್ಸಿಯುಸರ ಕಾವ್ಯದಲ್ಲಿ ಬರುವ ಒಂದು ಸಣ್ಣ ವಿವರ ನಮಗೆ ಬಹಳ ಮುಖ್ಯ. ಲಾರೆನ್ಸರು ನಗರದ ಬೀದಿಬೀದಿಗಳಲ್ಲಿ ಬಡವರನ್ನು ಹುಡುಕಿಕೊಂಡು ಹೋಗುತ್ತಾರೆ. ಉಗ್ರಾಣದ ಹೊಣೆ ಹೊತ್ತವರಾದ್ದರಿಂದ ಅವರಿಗೆ ಆ ಜನರ ಪರಿಚಯ ಮೊದಲೇ ಇತ್ತು. ಒಬ್ಬೊಬ್ಬರ ಹೆಸರನ್ನೂ ಬರೆದುಕೊಂಡು, ಉದ್ದನೆಯ ಸಾಲಿನಲ್ಲಿ ನಿಲ್ಲಿಸುತ್ತಾರೆ. ಅಧಿಕಾರಿ ಕೇಳಿದ್ದು ಚಿನ್ನದ ಲೆಕ್ಕವನ್ನು. ಲಾರೆನ್ಸರು ಒಪ್ಪಿಸಿದ್ದು ಮನುಷ್ಯರ ಲೆಕ್ಕವನ್ನು. ಸಾಯುವ ಗಳಿಗೆಯಲ್ಲಿ ಹೆಸರು ಹಿಡಿದು ಕರೆಯಬಲ್ಲವನು, ಬದುಕಿದ್ದಾಗ ದಿನವೂ ಆ ಮನೆಗಳ ಬಾಗಿಲಿಗೆ ಹೋಗಿದ್ದವನೇ ಆಗಿರಬೇಕಲ್ಲವೇ?

ಸಿಪ್ರಿಯನರು ಕೊಟ್ಟವರ ಹೆಸರುಗಳನ್ನು ಬರೆದರು. ಲಾರೆನ್ಸರು ಪಡೆದವರ ಹೆಸರುಗಳನ್ನು ಬರೆದರು. ಎರಡನ್ನೂ ಜೊತೆಗಿಟ್ಟು ನೋಡಿದರೆ ಪಾರುಪತ್ಯ ಎಂದರೇನೆಂದು ನಮಗೆ ಅರ್ಥವಾಗುತ್ತದೆ. ನಮ್ಮ ಬೈಬಲಿನಲ್ಲಿ ಬರುವ ಪಾರುಪತ್ಯಗಾರ ಎಂಬ ಪದ ನಮ್ಮ ನಾಡಿನ ಹಳೆಯ ಮಠಮಂದಿರಗಳ, ಸಂಸ್ಥಾನಗಳ ಆಡಳಿತದಲ್ಲಿಯೂ ಬಳಕೆಯಲ್ಲಿದ್ದ ಪದ. ಪಾರುಪತ್ಯಗಾರನ ಕೈಯಲ್ಲಿ ಬೀಗದ ಕೈ ಇರುತ್ತದೆ, ಆದರೆ ಉಗ್ರಾಣ ಅವನದಲ್ಲ. ಯೇಸುಸ್ವಾಮಿಯವರು ಹೇಳಿದ ಸಾಮತಿಯಲ್ಲಿ ನಂಬಿಗಸ್ತ ಪಾರುಪತ್ಯಗಾರನ ಗುರುತು ಮನೆಮಂದಿಗೆ ಹೊತ್ತುಹೊತ್ತಿಗೆ ಅವರವರ ಪಾಲನ್ನು ಅಳೆದುಕೊಡುವುದೇ ಆಗಿದೆ (ಲೂಕ 12:42). ಕದಿಯದೆ ಇದ್ದರೆ ಸಾಲದು. ಹೊತ್ತಿಗೆ ಸರಿಯಾಗಿ ಕೊಡಲೂ ಬೇಕು. ತಲೆಂತುಗಳ ಸಾಮತಿಯಲ್ಲಿ ಒಂದು ತಲೆಂತನ್ನು ಹೂತಿಟ್ಟವನು ಒಂದು ಕಾಸನ್ನೂ ಕದ್ದಿರಲಿಲ್ಲ. ಆದರೂ ಅವನು ಯಜಮಾನನ ಕೋಪಕ್ಕೆ ಗುರಿಯಾದ.

ಭಂಡಾರವನ್ನು ಹುಡುಕಿದ ವಲೇರಿಯನ್ 260ರಲ್ಲಿ ಪರ್ಷಿಯದ ಅರಸ ಶಾಪುರನ ಕೈಗೆ ಸೆರೆಸಿಕ್ಕಿದ. ಅವನ ಮಗ ಗಲ್ಲಿಯೇನುಸ್ ಹಿಂಸೆಯನ್ನು ನಿಲ್ಲಿಸಿ, ಕ್ರೈಸ್ತರ ಪ್ರಾರ್ಥನಾ ಸ್ಥಳಗಳನ್ನು ಹಿಂದಿರುಗಿಸಿದ.

ಪಾತ್ರೆಗಳನ್ನು ಕರಗಿಸಿದ ಧರ್ಮಾಧ್ಯಕ್ಷ

ಅಂಬ್ರೋಸರು ಲಾರೆನ್ಸರ ಕಥೆಯನ್ನು ಸುಮ್ಮನೆ ಹೇಳಲಿಲ್ಲ. ಅವರ ಮೇಲೆ ಒಂದು ಆರೋಪವಿತ್ತು. 378ರ ಆಗಸ್ಟ್ 9ರಂದು, ಅಂದರೆ ಲಾರೆನ್ಸರ ಹಬ್ಬದ ಮುನ್ನಾದಿನ, ಆದ್ರಿಯನೋಪಲ್ ಎಂಬಲ್ಲಿ ಗಾಥರು ರೋಮ್ ಸೈನ್ಯವನ್ನು ಸೋಲಿಸಿದರು. ಆ ಯುದ್ಧದ ದಿನಗಳಲ್ಲಿ ಸಾವಿರಾರು ಜನ ಸೆರೆಯಾಗಿ ಗುಲಾಮರಾಗಿ ಮಾರಾಟವಾದರು. ಅವರನ್ನು ಬಿಡಿಸಲು ಅಂಬ್ರೋಸರು ದೇವಾಲಯದ ಪಾತ್ರೆಗಳನ್ನು ಒಡೆದು ಕರಗಿಸಿದರು. ವಿರೋಧಿಗಳು ಇದನ್ನೇ ಹಿಡಿದು ಅವರನ್ನು ನಿಂದಿಸಿದರು. ಧರ್ಮಸಭೆಗೆ ಚಿನ್ನ ಇರುವುದು ಕೂಡಿಡಲು ಅಲ್ಲ, ಅಗತ್ಯದಲ್ಲಿರುವವರಿಗೆ ಖರ್ಚು ಮಾಡಲು ಎಂಬುದು ಅಂಬ್ರೋಸರ ಉತ್ತರವಾಗಿತ್ತು. ಪಾತ್ರೆಗಳನ್ನು ಉಳಿಸಿ ಜೀವಗಳನ್ನು ಕಳೆದರೆ ಪ್ರಭು ನಮ್ಮನ್ನು ಕೇಳುವುದಿಲ್ಲವೇ ಎಂಬ ಅರ್ಥದಲ್ಲಿ ವಾದಿಸಿ, ಸಾಕ್ಷಿಗೆ ಲಾರೆನ್ಸರನ್ನು ಕರೆದರು.

ಆದರೆ ಅವರು ಒಂದು ಎಚ್ಚರಿಕೆಯನ್ನೂ ಸೇರಿಸಿದರು. ಮೊದಲು ಅಭಿಷೇಕವಾಗದ ಪಾತ್ರೆಗಳನ್ನು ನೋಡಬೇಕು. ನಂತರವೂ ಬಲಿಪಾತ್ರೆ ತನ್ನ ರೂಪದಲ್ಲಿಯೇ ಹೊರಗೆ ಹೋಗಿ ಅಪವಿತ್ರ ಬಳಕೆಗೆ ಸಿಗಬಾರದು. ಒಡೆದು ಕರಗಿಸಿಯೇ ಕೊಡಬೇಕು. ಇಲ್ಲಿ ಬಲಿಪೀಠದ ಮೇಲಿನ ಗೌರವವೂ ಇದೆ, ಸೆರೆಯಾಳಿನ ಮೇಲಿನ ಕರುಣೆಯೂ ಇದೆ. ಒಂದಕ್ಕಾಗಿ ಇನ್ನೊಂದನ್ನು ಬಿಡಲಿಲ್ಲ.

ಹೊರಗಿನವರ ಸಾಕ್ಷಿಯನ್ನೂ ಕೇಳೋಣ. ಕ್ರೈಸ್ತ ವಿಶ್ವಾಸವನ್ನು ತೊರೆದು ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಎತ್ತಿನಿಲ್ಲಿಸಲು ಹೊರಟ ಸಾಮ್ರಾಟ ಜೂಲಿಯನ್ 362ರ ಸುಮಾರಿಗೆ ತನ್ನ ಪೂಜಾರಿಯೊಬ್ಬನಿಗೆ ಪತ್ರ ಬರೆದ. ಕ್ರೈಸ್ತರು ತಮ್ಮ ಬಡವರನ್ನಷ್ಟೇ ಅಲ್ಲ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ಇದು ನಮಗೆ ನಾಚಿಕೆ ಎಂಬುದು ಅವನ ಅಳಲು. ಧರ್ಮಸಭೆಯ ಉಪನ್ಯಾಸಗಳಿಗಿಂತ ಅದರ ಉಗ್ರಾಣವೇ ಅವನನ್ನು ಹೆಚ್ಚು ಕಾಡಿತ್ತು.

ನಮ್ಮ ನಾಡಿನಲ್ಲಿ

ಈ ಪರಂಪರೆ ನಮ್ಮ ಕರಾವಳಿಗೂ ಬಂದಿದೆ. ಜರ್ಮನಿಯ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ಆರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಔಷಧಗಳನ್ನು ತಯಾರಿಸಿ ಮಾರಿ, ಅದರಿಂದ ಬಂದ ಆದಾಯವನ್ನು ರೋಗಿಗಳ ಸೇವೆಗೆ ಬಳಸಿದರು. ಒಂದು ತಲೆಂತನ್ನು ಹೂತಿಡದೆ ದುಡಿಸಿದ ಪಾರುಪತ್ಯ ಇದು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದಂದು ಅವರು ತೀರಿಕೊಂಡರು. ಅವರ ಹೆಸರಿನ ಆಸ್ಪತ್ರೆ ಇಂದಿಗೂ ಅಲ್ಲಿದೆ.

ಲಾರೆನ್ಸರ ಹೆಸರು ನಮ್ಮ ಜನರಿಗೆ ಹತ್ತಿರವಾದದ್ದು ಕಾರ್ಕಳದ ಅತ್ತೂರಿನಿಂದ. 2016ರಲ್ಲಿ ಬಸಿಲಿಕವಾಗಿ ಗೌರವ ಪಡೆದ ಆ ಪುಣ್ಯಕ್ಷೇತ್ರದ ಜನವರಿಯ ಮಹೋತ್ಸವಕ್ಕೆ ಎಲ್ಲ ಧರ್ಮಗಳ ಜನರೂ ಬಂದು ಮೇಣದ ಬತ್ತಿ ಹಚ್ಚುತ್ತಾರೆ. ಬಡವರ ಹೆಸರುಗಳನ್ನು ಬರೆದಿಟ್ಟ ಸಂತರ ಮುಂದೆ ನಾವು ನಮ್ಮ ಬೇಡಿಕೆಗಳ ಪಟ್ಟಿಯನ್ನು ಇಡುತ್ತೇವೆ. ಅವರು ನಮ್ಮಿಂದ ಯಾವ ಪಟ್ಟಿಯನ್ನು ಕೇಳಬಹುದು?

ನಮ್ಮ ಲೆಕ್ಕ

1983ರ ಧರ್ಮಸಭೆಯ ಕಾನೂನು ಸಂಹಿತೆ ಇದಕ್ಕೆ ದಾರಿ ತೋರಿಸುತ್ತದೆ. ಧರ್ಮಸಭೆ ಆಸ್ತಿಯನ್ನು ಹೊಂದಿರುವುದು ದೇವಾರಾಧನೆಗಾಗಿ, ಗುರುಗಳ ಯೋಗ್ಯ ಜೀವನಕ್ಕಾಗಿ, ಪ್ರೇಷಿತ ಕಾರ್ಯ ಮತ್ತು ದಯಾಕಾರ್ಯಗಳಿಗಾಗಿ, ಅದರಲ್ಲೂ ಬಡವರಿಗಾಗಿ. ಆಡಳಿತ ಮಾಡುವವರು ಒಳ್ಳೆಯ ಮನೆಯಜಮಾನನಂತೆ ಎಚ್ಚರ ವಹಿಸಿ, ಆದಾಯ ಖರ್ಚುಗಳ ಪುಸ್ತಕವನ್ನು ಸರಿಯಾಗಿ ಇಡಬೇಕು. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಬೇಕು. ಆದ್ದರಿಂದ ವರ್ಷಕ್ಕೊಮ್ಮೆ ದೇವಾಲಯದಲ್ಲಿ ಲೆಕ್ಕ ಓದುವುದು ಬಲಿಪೂಜೆಯ ನಂತರದ ಬೇಸರದ ಪ್ರಕಟಣೆಯಲ್ಲ. ಅದು ಪೌಲರ, ಸಿಪ್ರಿಯನರ, ಲಾರೆನ್ಸರ ಕೆಲಸದ ಮುಂದುವರಿಕೆ. ಅದನ್ನು ಓದುವಾಗ ಎದ್ದು ಹೋಗದೆ ಕುಳಿತು ಕೇಳುವುದು, ಅರ್ಥವಾಗದಿದ್ದರೆ ವಿನಯದಿಂದ ಕೇಳಿ ತಿಳಿದುಕೊಳ್ಳುವುದು ನಮ್ಮ ಕರ್ತವ್ಯವೂ ಹೌದು.

ಪಾಲಕ ಸಂತರ ಹಬ್ಬ ಬಂದಾಗ ದೀಪಾಲಂಕಾರಕ್ಕೆ, ಪಟಾಕಿಗೆ, ವಾದ್ಯಕ್ಕೆ, ಊಟಕ್ಕೆ ನಾವು ಧಾರಾಳವಾಗಿ ಕೊಡುತ್ತೇವೆ. ಹಬ್ಬ ಸಂತೋಷದಿಂದ ನಡೆಯಲಿ. ಕಾನಾ ಊರಿನ ಮದುವೆಗೆ ಹೋದ ಪ್ರಭು ಸಂತೋಷವನ್ನು ತಡೆಯುವವರಲ್ಲ. ಆದರೆ ಹಬ್ಬದ ಖರ್ಚಿನ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ನಮ್ಮ ಧರ್ಮಕೇಂದ್ರದಲ್ಲಿ ಇದೆಯೇ? ಡಯಾಲಿಸಿಸ್‌ಗೆ ವಾರಕ್ಕೆರಡು ಬಾರಿ ಹೋಗಬೇಕಾದವರು ಯಾರು? ಮಕ್ಕಳೆಲ್ಲ ದೂರದ ಊರು ಸೇರಿ ಒಂಟಿಯಾಗಿ ಮನೆಯಲ್ಲಿ ಉಳಿದ ಅಜ್ಜಿ ಯಾರು? ಕಾಲೇಜಿನ ಫೀಸು ಕಟ್ಟಲಾರದೆ ಅರ್ಧಕ್ಕೆ ನಿಲ್ಲಿಸಿದ ಹುಡುಗಿ ಯಾರು? ಕೆಲಸ ಹುಡುಕಿಕೊಂಡು ಬೇರೆ ರಾಜ್ಯದಿಂದ ಬಂದು ನಮ್ಮ ಇಗರ್ಜಿಯ ಹಿಂಭಾಗದಲ್ಲಿ ನಿಂತು ಪೂಜೆ ಕೇಳಿ ಹೋಗುವ ತರುಣ ಯಾರು? ಸಂತ ವಿನ್ಸೆಂಟ್ ಡಿ ಪಾಲ್ ಸಭೆಯ ನಾಲ್ಕಾರು ಮಂದಿಗೆ ಇವರ ಹೆಸರು ಗೊತ್ತಿರಬಹುದು. ನಮಗೆ ಗೊತ್ತೇ?

ಮನೆಯೊಳಗೂ ಇದೇ ಪ್ರಶ್ನೆ ಇದೆ. ನಮ್ಮ ದುಡಿಮೆ, ಹೊಲ, ಬ್ಯಾಂಕಿನ ಠೇವಣಿ, ಬಿಡುವಿನ ಸಮಯ, ಕಲಿತ ವಿದ್ಯೆ ಎಲ್ಲದರ ಬೀಗದ ಕೈ ನಮ್ಮ ಕೈಯಲ್ಲಿದೆ. ತಿಂಗಳ ಖರ್ಚು ಬರೆಯುವ ಪುಸ್ತಕದಲ್ಲಿ ಹಾಲು, ವಿದ್ಯುತ್, ಫೋನ್ ಎಂದು ಬರೆಯುವಂತೆ ಒಬ್ಬ ಬಡವರ ಹೆಸರನ್ನೂ ಮೊದಲೇ ಬರೆದಿಡೋಣ. ಉಳಿದರೆ ಕೊಡೋಣ ಎಂದುಕೊಂಡದ್ದು ಸಾಮಾನ್ಯವಾಗಿ ಉಳಿಯುವುದಿಲ್ಲ. ಮಕ್ಕಳ ಕೈಯಿಂದಲೇ ಕೊಡಿಸೋಣ; ಕೊಡುವಾಗ ಆ ವ್ಯಕ್ತಿಯ ಹೆಸರು ಹೇಳಿ ಮಾತನಾಡಿಸಲು ಅವರಿಗೆ ಕಲಿಸೋಣ.

ಮುಂದಿನ ಬಾರಿ ಬಲಿಪೂಜೆಯಲ್ಲಿ ಸಿಕ್ಸ್ತುಸ್, ಕೊರ್ನೇಲಿಯುಸ್, ಸಿಪ್ರಿಯನ್, ಲಾರೆನ್ಸ್ ಎಂಬ ಹೆಸರುಗಳನ್ನು ಕೇಳಿದಾಗ, ಅವರು ಎಣಿಸಿದ, ಬರೆದಿಟ್ಟ, ಹುಡುಕಿಕೊಂಡು ಹೋದ ಆ ಹೆಸರಿಲ್ಲದ ಜನರನ್ನೂ ನೆನೆಯೋಣ. ಪ್ರಭು ನಮ್ಮ ಕೈಗೆ ಕೊಟ್ಟದ್ದನ್ನು ಹೊತ್ತಿಗೆ ಸರಿಯಾಗಿ ಅಳೆದುಕೊಡುವ ಮನಸ್ಸನ್ನು ಸಂತ ಲಾರೆನ್ಸರ ಪ್ರಾರ್ಥನೆಯ ಮೂಲಕ ಬೇಡಿಕೊಳ್ಳೋಣ. ಕೊನೆಯ ದಿನ ಯಜಮಾನರು ಬಂದು ಲೆಕ್ಕ ಕೇಳುವಾಗ ನಮ್ಮ ಪುಸ್ತಕದಲ್ಲಿ ಕೆಲವು ಹೆಸರುಗಳಾದರೂ ಇರಲಿ. ಆಮೆನ್.